ಬಾಣಂತಿ ಮನೆಗೆ ಯಾವ ಪುಸ್ತಕ?

ನಮ್ಮ ಡೊಂಬಿವಲಿಯಲ್ಲಿ ಪರಿಚಯದ ಕನ್ನಡದವರ ಮನೆಯಲ್ಲಿ ಸೀಮಂತ ಅಂದರೆ ಈಗ ನನಗೊಂದು ಫೋನ್ ಬರುತ್ತದೆ. "ಅಕ್ಕಾ, ಸೀರೆ, ಬೆಳ್ಳಿ ಬಟ್ಟಲು ಎಲ್ಲಾ ಆಯ್ತು. ಮಗುವನ್ನು ನೋಡಿಕೊಳ್ಳುವ ಬಗ್ಗೆ ಒಂದು ಪುಸ್ತಕಾನೂ ಕೊಡೋಣ ಅಂತಿದ್ದೀವಿ. ಯಾವುದು ಒಳ್ಳೇದು?" ನಾನು ವೈದ್ಯೆಯಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಆದರೂ ಈ ಪ್ರಶ್ನೆ ನನ್ನ ಹತ್ತಿರ ಬರುವುದಕ್ಕೆ ಕಾರಣವಿದೆ. ಅದು ಹೆಮ್ಮೆಪಡುವಂಥ ಕಾರಣವೇನೂ ಅಲ್ಲ. ಆದರೆ ಹೇಳಿದರೆ ಯಾರಿಗಾದರೂ ಉಪಯೋಗವಾದೀತು.

ನನ್ನ ಮಗಳು ಹುಟ್ಟಿದ್ದು 1988ರಲ್ಲಿ. ಬಾಣಂತನಕ್ಕೆ ತವರುಮನೆ ಧಾರವಾಡಕ್ಕೆ ಹೋಗಿದ್ದೆ. ಮೂರು ತಿಂಗಳು ಅವ್ವನ ಕೈಯ ಎಣ್ಣೆ-ನೀರು, ಅಂಟಿನ ಉಂಡಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಮುಗಿಸಿ ಇಲ್ಲಿಯ ಒಂದೂವರೆ ಕೋಣೆಯ ಮನೆಗೆ ಬಂದೆ. ರಾತ್ರಿ ಎರಡು ಗಂಟೆಗೆ ಮಗು ಕಿರುಚಿದರೆ ಕೇಳಲು ಯಾರೂ ಇಲ್ಲ ಎಂಬುದು ಆಗ ಗೊತ್ತಾಯಿತು. ಮನೆಯಲ್ಲಿ ಫೋನ್ ಇರಲಿಲ್ಲ. ಅವ್ವನಿಗೆ ಬರೆದ ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ ಮಗುವಿನ ನೆಗಡಿ ಹೋಗಿ ಭೇದಿ ಶುರುವಾಗಿರುತ್ತಿತ್ತು. ಆಗ ಅಣ್ಣ ಅಂಚೆಯಲ್ಲಿ ಒಂದು ಪುಸ್ತಕ ಕಳಿಸಿದ. ಅನುಪಮಾ ನಿರಂಜನ ಅವರ 'ತಾಯಿ-ಮಗು'. ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಅವರ ಕನ್ನಡ ಓದಿದರೆ ತಿಳಿದವರೊಬ್ಬರು ಪಕ್ಕದಲ್ಲಿ ಕೂತು ಮಾತಾಡಿದಂತೆ ಇರುತ್ತಿತ್ತು. ನನ್ನ ಕಾಲದ ಎಷ್ಟೋ ಹೆಣ್ಣುಮಕ್ಕಳಿಗೆ ಊರಿಂದ ದೂರದಲ್ಲಿ ಅದೇ ತವರು.

ಆ ಪುಸ್ತಕದ ಜೊತೆಗೆ ಒಂದೆರಡು ಇಂಗ್ಲಿಷ್ ಪುಸ್ತಕಗಳನ್ನೂ ಕೊಂಡು ಓದಿದೆ. ಮಗಳು ಚೆನ್ನಾಗಿ ಬೆಳೆದಳು. ಹೀಗಾಗಿ ನನಗೆ ಎಲ್ಲ ಗೊತ್ತು ಎಂಬ ಧೈರ್ಯ ಬಂತು. ಮೂವತ್ತು ವರ್ಷವಾದರೂ ಆ ಧೈರ್ಯ ಹೋಗಲಿಲ್ಲ. ತೊಂದರೆ ಆದದ್ದು ಅಲ್ಲಿಯೇ.

2019ರ ಅಕ್ಟೋಬರಿನಲ್ಲಿ ಮಗಳಿಗೆ ಗಂಡುಮಗು ಹುಟ್ಟಿತು. ಸಹಜ ಹೆರಿಗೆ. ಎರಡು ದಿನಕ್ಕೇ ಮನೆಗೆ ಕಳಿಸಿದರು. ಮೂರನೆಯ ದಿನ ಮಗುವಿನ ಮುಖ ಹಳದಿಯಾಗಿ ಕಂಡಿತು. "ಹಸುಗೂಸಿಗೆ ಕಾಮಾಲೆ ಎಲ್ಲರಿಗೂ ಬರ್ತದ, ಎಳೆಬಿಸಿಲಿಗೆ ಹಿಡಿದರ ಹೋಗ್ತದ" ಅಂದೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಬಿಸಿಲಿಗೆ ಹಿಡಿದೆ. ನಾಲ್ಕನೆಯ ದಿನವೂ ಹಿಡಿದೆ. ಅಂದು ಮಧ್ಯಾಹ್ನದಿಂದ ಮಗು ಬರೀ ನಿದ್ದೆ. ಎದೆಗೆ ಹಚ್ಚಿದರೆ ನಾಲ್ಕು ಗುಟುಕು ಚೀಪಿ ಮಲಗಿಬಿಡುತ್ತಿತ್ತು. "ಎಷ್ಟು ಶಾಣ್ಯಾ ಕೂಸು, ಕಾಟಾನೇ ಕೊಡೂದಿಲ್ಲ" ಎಂದು ನಾನೇ ಹೊಗಳಿದೆ.

ರಾತ್ರಿ ಹನ್ನೊಂದಕ್ಕೆ ಮಗಳು ತನ್ನ ಪುಸ್ತಕ ತೆಗೆದಳು. ಗೆಳತಿ ಕೊಟ್ಟದ್ದು, ಹೊಸ ಮುದ್ರಣದ್ದು. ಕೊನೆಯ ಪುಟಗಳ ಪದಸೂಚಿಯಲ್ಲಿ ಕಾಮಾಲೆ ಹುಡುಕಿ ಆ ಪುಟಕ್ಕೆ ಹೋದಳು. ಅಲ್ಲಿ ಒಂದು ಚೌಕದೊಳಗೆ ನಾಲ್ಕೇ ಸಾಲು ಇತ್ತು. ಹಳದಿ ಅಂಗೈ ಅಂಗಾಲಿಗೆ ಇಳಿದಿದ್ದರೆ, ಮಗು ಎಬ್ಬಿಸಿದರೂ ಸರಿಯಾಗಿ ಹಾಲು ಕುಡಿಯದಿದ್ದರೆ ಬೆಳಗಾಗುವುದನ್ನು ಕಾಯಬೇಡಿ ಎಂಬ ಅರ್ಥದ್ದು. ಅವಳು ಟ್ಯೂಬ್‌ಲೈಟಿನ ಕೆಳಗೆ ಮಗುವಿನ ಅಂಗಾಲು ಒತ್ತಿ ಬಿಟ್ಟು ನೋಡಿದಳು. ಹಳದಿ. ಬೆಳಗಿನಿಂದ ಎಷ್ಟು ಬಟ್ಟೆ ಒದ್ದೆಯಾಗಿವೆ ಎಂದು ಎಣಿಸಿದಳು. ಎರಡು.

ಆಗಲೂ ನಾನು "ಬೆಳಗಾಗಲಿ" ಅಂದೆ. ಮಗಳು ನನ್ನ ಮುಖವನ್ನೂ ನೋಡಲಿಲ್ಲ. ಅಳಿಯ ರಿಕ್ಷಾ ತಂದ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಕೂಡಲೇ ಮಗುವನ್ನು ನೀಲಿ ದೀಪದ ಕೆಳಗೆ ಇಟ್ಟರು. ಕಣ್ಣಿಗೆ ಪುಟ್ಟ ಪಟ್ಟಿ ಕಟ್ಟಿದ್ದರು. ಎರಡೂವರೆ ದಿನ ಹಾಗೇ ಇತ್ತು. ನಂತರ ಆರಾಮವಾಯಿತು. ಈಗ ಅವನು ಶಾಲೆಗೆ ಹೋಗುತ್ತಾನೆ. ಅಂದು ಡಾಕ್ಟರು ನನ್ನನ್ನು ಬೈಯಲಿಲ್ಲ. ನಿಧಾನವಾಗಿ ತಿಳಿಸಿ ಹೇಳಿದರು: ಹಸುಗೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಕಾಮಾಲೆ ಬರುವುದು ನಿಜ, ಹೆಚ್ಚಿನವರಿಗೆ ತಾನಾಗಿಯೇ ಹೋಗುವುದೂ ನಿಜ. ಆದರೆ ರಕ್ತದಲ್ಲಿ ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿಗೂ ಕಿವಿಗೂ ಶಾಶ್ವತ ಹಾನಿಯಾಗಬಹುದು.

ಬಿಸಿಲಿನ ಮಾತು ಎಲ್ಲಿಂದ ಬಂತು ಎಂದು ಆಮೇಲೆ ಓದಿ ನೋಡಿದೆ. ಅದಕ್ಕೆ ಬುಡವಿಲ್ಲದೆ ಇಲ್ಲ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ ಅವಧಿಗೆ ಮೊದಲೇ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಚರ್ಮದ ಹಳದಿ ತಿಳಿಯಾಗುವುದನ್ನು ಅವರು ಗಮನಿಸಿದರು. ಅದರ ಬೆನ್ನು ಹತ್ತಿ ಅಲ್ಲಿನ ವೈದ್ಯರು ದೀಪದ ಚಿಕಿತ್ಸೆ ರೂಪಿಸಿ 1958ರಲ್ಲಿ ಪ್ರಕಟಿಸಿದರು. ಅಂದರೆ ನಾನು ಮೂವತ್ತು ವರ್ಷ ನಂಬಿದ್ದು ಅರ್ಧ ಸತ್ಯ. ಬಾಲ್ಕನಿಯ ಹತ್ತು ನಿಮಿಷದ ಬಿಸಿಲು ಆ ದೀಪದ ಕೆಲಸ ಮಾಡುವುದಿಲ್ಲ. ಅಷ್ಟೇ ಅಲ್ಲ, ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನ ಕೊಟ್ಟು ಹೊತ್ತು ಕಳೆಯುತ್ತದೆ.

ಆ ರಾತ್ರಿ ಕಲಿತದ್ದು ಇಷ್ಟು: ಒಳ್ಳೆಯ ಪುಸ್ತಕವೆಂದರೆ ಎಲ್ಲವನ್ನೂ ಹೇಳುವ ಪುಸ್ತಕವಲ್ಲ. ಯಾವಾಗ ತನ್ನನ್ನು ಮುಚ್ಚಿಟ್ಟು ಆಸ್ಪತ್ರೆಗೆ ಓಡಬೇಕು ಎಂದು ಸ್ಪಷ್ಟವಾಗಿ ಹೇಳುವ ಪುಸ್ತಕ. ಅಂದಿನಿಂದ ಅಂಗಡಿಯಲ್ಲಿ ಇಂಥ ಪುಸ್ತಕ ಕೈಗೆ ಬಂದರೆ ಮುಖಪುಟದ ನಗುವ ಮಗುವನ್ನು ನೋಡದೆ ಬೇರೆ ನಾಲ್ಕೈದು ಸಂಗತಿ ನೋಡುತ್ತೇನೆ.

ಮೊದಲು ಇಸವಿ. ಮರುಮುದ್ರಣದ ಇಸವಿ ಅಲ್ಲ, ಪರಿಷ್ಕರಿಸಿದ ಇಸವಿ. ಇವೆರಡೂ ಬೇರೆ ಎಂಬುದು ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ಇಸವಿ ನಂಬಿಕೆಗೆ ಬರದಿದ್ದರೆ ಮೂರು ವಿಷಯ ತೆಗೆದು ನೋಡಿ. ಒಂದು, ಮಲಗಿಸುವ ಭಂಗಿ. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರ ಪುಸ್ತಕ 1946ರಲ್ಲಿ ಬಂದು ಜಗತ್ತಿನ ಮನೆಮನೆಗೆ ಹೋಯಿತು. ಮಗುವನ್ನು ನಂಬಿ, ನಿಮ್ಮನ್ನು ನೀವು ನಂಬಿ ಎಂದು ತಾಯಂದಿರಿಗೆ ಧೈರ್ಯ ಹೇಳಿದ ದೊಡ್ಡ ಪುಸ್ತಕ ಅದು. ಆದರೆ ಅದರ ನಂತರದ ಆವೃತ್ತಿಗಳಲ್ಲಿ ಮಗುವನ್ನು ಬೋರಲು ಮಲಗಿಸಿ ಎಂಬ ಸಲಹೆ ಇತ್ತು. ಬೋರಲು ಮಲಗಿಸಿದರೆ ನಿದ್ದೆಯಲ್ಲೇ ಹಠಾತ್ತಾಗಿ ಸಾವು ಬರುವ ಅಪಾಯ ಹೆಚ್ಚು ಎಂದು ಆಮೇಲೆ ತಿಳಿಯಿತು. 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮೇಲೆ ಅಂಥ ಸಾವುಗಳು ಅರ್ಧದಷ್ಟು ಇಳಿದವು. ಎಷ್ಟು ದೊಡ್ಡ ವೈದ್ಯರು ಬರೆದರೂ ಪುಸ್ತಕಕ್ಕೆ ವಯಸ್ಸಾಗುತ್ತದೆ.

ಎರಡು, ಮೇಲಿನ ಆಹಾರ. ನನ್ನ ಮಗಳಿಗೆ ನಾಲ್ಕು ತಿಂಗಳಿಗೇ ಬೇಳೆಕಟ್ಟು ಕೊಟ್ಟಿದ್ದೆ. ಆಗಿನ ಸಲಹೆ ಹಾಗಿತ್ತು. 2001ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವುದು ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಎಂದು. ಮುಂಬಯಿಯ ಮೇ ತಿಂಗಳ ಸೆಕೆಯಲ್ಲೂ ನೀರು ಬೇಡ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವುದಂತೂ ಬೇಡವೇ ಬೇಡ. ಮೂರು, ಲಸಿಕೆ. 1988ರಲ್ಲಿ ನನ್ನ ಮಗಳ ಕಾರ್ಡಿನಲ್ಲಿ ಬಿಸಿಜಿ, ಡಿಪಿಟಿ, ಪೋಲಿಯೊ ಹನಿ, ದಡಾರ ಇಷ್ಟೇ. ಈಗ ಸರ್ಕಾರಿ ಪಟ್ಟಿಯಲ್ಲಿಯೇ ಹೆಪಟೈಟಿಸ್ ಬಿ, ರೋಟಾವೈರಸ್, ನ್ಯುಮೋನಿಯಾದ ಪಿಸಿವಿ, ರುಬೆಲ್ಲಾ ಎಲ್ಲ ಸೇರಿವೆ. ರೋಟಾವೈರಸ್ ಲಸಿಕೆಯ ಹೆಸರೇ ಇಲ್ಲದ ಪುಸ್ತಕ ಈಗಿನ ಮಗುವಿಗೆ ಆಗುವುದಿಲ್ಲ. ಪುಸ್ತಕ ಹೊಸದಾದರೂ ಲಸಿಕೆಯ ವಿಷಯದಲ್ಲಿ ಕೊನೆಯ ಮಾತು ಡಾಕ್ಟರರ ಕಾರ್ಡಿನದೇ.

ಆಮೇಲೆ ಅಂಕಿ. "ಜ್ವರ ಜಾಸ್ತಿ ಇದ್ದರೆ ವೈದ್ಯರನ್ನು ಕಾಣಿ" ಎಂದು ಬರೆದ ಪುಸ್ತಕದಿಂದ ನಡುರಾತ್ರಿಯಲ್ಲಿ ಏನೂ ತಿಳಿಯುವುದಿಲ್ಲ. ಜಾಸ್ತಿ ಅಂದರೆ ಎಷ್ಟು? ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ತಡಮಾಡದೆ ಹೊರಡಬೇಕು. ಉಸಿರು ಜೋರು ಅಂದರೆ ಎಷ್ಟು? ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಅಲ್ಲಿಂದ ವರ್ಷದವರೆಗೆ 50 ಅಥವಾ ಹೆಚ್ಚು. ಹಾಲು ಸಾಕಾಗುತ್ತಿದೆ ಎಂದು ತಿಳಿಯುವುದು ಹೇಗೆ? ಮೊದಲ ವಾರ ಕಳೆಯುವ ಹೊತ್ತಿಗೆ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು. ಹೀಗೆ ಎಣಿಸಲು, ಅಳೆಯಲು ಬರುವಂತೆ ಬರೆದಿದ್ದರೆ ಕೊಳ್ಳಬಹುದು.

ಮೂರನೆಯದು ಪದಸೂಚಿ. ಅಂಗಡಿಯಲ್ಲಿ ನಿಂತೇ ಒಂದು ಪರೀಕ್ಷೆ ಮಾಡಿ. ಕಾಮಾಲೆ, ಭೇದಿ, ಫಿಟ್ಸ್ ಎಂಬ ಮೂರು ಪದ ಹುಡುಕಿ. ಒಂದು ನಿಮಿಷದಲ್ಲಿ ಮೂರೂ ಸಿಗದಿದ್ದರೆ ಪುಸ್ತಕ ವಾಪಸ್ ಇಡಿ. ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಪುಟ ತಿರುಗಿಸುವವರಿಗೆ ಹನ್ನೆರಡು ಪುಟದ ಪೀಠಿಕೆ ಯಾತಕ್ಕೆ?

ನಾಲ್ಕನೆಯದು ನಮ್ಮ ಹವೆ, ನಮ್ಮ ಅಡುಗೆಮನೆ. ವಿದೇಶಿ ಪುಸ್ತಕಗಳಲ್ಲಿ ಮಗುವಿನ ಬೆಳವಣಿಗೆಯ ವಿವರ ಸೊಗಸಾಗಿರುತ್ತದೆ. ಆದರೆ ರಾಗಿ ಸರಿ, ಎಣ್ಣೆ ತಿಕ್ಕುವುದು, ಸೊಳ್ಳೆ, ಕಾಡಿಗೆ, ಗುಟ್ಟಿ ಇವು ಅಲ್ಲಿ ಬರುವುದಿಲ್ಲ. ನಮ್ಮವರು ಬಜೆ ತೇಯ್ದು ನೆಕ್ಕಿಸುತ್ತಾರೆ, ಇಲ್ಲಿಯ ಮರಾಠಿ ಅಜ್ಜಿಯರು ಗುಟ್ಟಿ ಉಜ್ಜಿ ಹಾಕುತ್ತಾರೆ. ಬೇಡ ಎನ್ನುವುದಾದರೆ ಯಾಕೆ ಬೇಡ ಎಂದು ಹಿರಿಯರ ಮನ ನೋಯದ ಹಾಗೆ ಹೇಳಬಲ್ಲ ಪುಸ್ತಕ ಬೇಕು. ಮುಂಬಯಿಯ ಮಕ್ಕಳ ತಜ್ಞ ಡಾ. ಆರ್.ಕೆ. ಆನಂದ್ ಅವರ 'ಗೈಡ್ ಟು ಚೈಲ್ಡ್ ಕೇರ್' ನಮ್ಮ ದೇಶದ ಮನೆಗಳಿಗೆಂದೇ ಬರೆದದ್ದು. ಇನ್ನೊಂದು ಮಾತು. ಭೇದಿಗೆ ಓಆರ್‌ಎಸ್ ಕಲಸುವುದನ್ನು ಸರಿಯಾಗಿ ಹೇಳಿದೆಯೇ ನೋಡಿ. ದೊಡ್ಡ ಪೊಟ್ಟಣವಾದರೆ ಇಡೀ ಪೊಟ್ಟಣ ಒಂದು ಲೀಟರ್ ಶುದ್ಧ ನೀರಿಗೆ, ಜೊತೆಗೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ 14 ದಿನ ಝಿಂಕ್. ಲೋಟಕ್ಕೆ ಅಂದಾಜಿನಲ್ಲಿ ಪುಡಿ ಉದುರಿಸುವ ಮನೆಗಳನ್ನು ಬಹಳ ನೋಡಿದ್ದೇನೆ.

ಪುಕ್ಕಟೆ ಸಿಗುವ ಹೊಳೆಯುವ ಪುಸ್ತಿಕೆಗಳ ಬಗ್ಗೆ ಎಚ್ಚರ. ಹಾಲಿನ ಪುಡಿ, ಬಾಟಲಿಗಳ ಪ್ರಚಾರವನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಎದೆಹಾಲಿನ ಅಧ್ಯಾಯ ಎರಡು ಪುಟ, ಪುಡಿಯ ಅಧ್ಯಾಯ ಹತ್ತು ಪುಟ ಇದ್ದರೆ ಅದು ಯಾರಿಗಾಗಿ ಬರೆದದ್ದು ಎಂದು ನೀವೇ ಊಹಿಸಬಹುದು.

ಕೊನೆಯದು, ಊರು ಬಿಟ್ಟು ಬಂದ ನಮಗೆ ಮುಖ್ಯವಾದದ್ದು: ಭಾಷೆ. ನಮ್ಮ ಮನೆಯನ್ನೇ ನೋಡಿ. ಮಗಳು ಇಂಗ್ಲಿಷಿನಲ್ಲಿ ಓದುತ್ತಾಳೆ, ಅಳಿಯನದು ತಮಿಳು, ಎಣ್ಣೆ ಹಚ್ಚಲು ಬರುವ ಮಾವಶಿಗೆ ಮರಾಠಿ, ನನಗೆ ಹೆದರಿಕೆಯಾದಾಗ ಕನ್ನಡವೊಂದೇ ತಲೆಗೆ ಹೋಗುವುದು. ಬಾಣಂತಿ ಮಲಗಿದಾಗ ಮಗು ಇರುವುದು ನಮ್ಮ ಕೈಯಲ್ಲಿ. ಪುಸ್ತಕ ಅವಳಿಗೆ ಮಾತ್ರ ಅರ್ಥವಾದರೆ ಸಾಲದು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಗಳ ಪುಸ್ತಕದ ಅಪಾಯದ ಲಕ್ಷಣಗಳನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದೆ. ಮಾವಶಿಯ ಮಗಳು ಮರಾಠಿಯಲ್ಲಿ ಬರೆದುಕೊಟ್ಟಳು. ಎರಡನ್ನೂ ಫ್ರಿಜ್ಜಿಗೆ ಅಂಟಿಸಿದೆವು. ಕೆಳಗೆ ಡಾಕ್ಟರರ ನಂಬರು, ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರು. ಆ ವರ್ಷ ನಮ್ಮ ಮನೆಯಲ್ಲಿ ಅತಿ ಹೆಚ್ಚು ಓದಿದ್ದು ಆ ಹಾಳೆಯನ್ನೇ.

'ತಾಯಿ-ಮಗು' ಇಂದಿಗೂ ನನ್ನ ಕಪಾಟಿನಲ್ಲಿದೆ. ಅನುಪಮಾ ಅವರು 1991ರಲ್ಲಿ ತೀರಿಕೊಂಡರು. ಈಗಿನ ಲಸಿಕೆಗಳನ್ನು ಆ ಪುಸ್ತಕದಲ್ಲಿ ಹುಡುಕುವುದು ನ್ಯಾಯವಲ್ಲ. ಅದರಿಂದ ನಾನು ಕಲಿಯಬೇಕಾಗಿದ್ದ ಪಾಠ, ಗೊತ್ತಿಲ್ಲದ್ದನ್ನು ತಿಳಿದವರಿಂದ ಕೇಳಿ ತಿಳಿಯುವುದು. ಎಲ್ಲ ಗೊತ್ತು ಎಂದು ಪುಸ್ತಕ ಮುಚ್ಚಿಟ್ಟವಳು ನಾನೇ.

ಆದ್ದರಿಂದ ಈಗ ಫೋನ್ ಮಾಡಿದವರಿಗೆ ಒಂದೇ ಹೆಸರು ಹೇಳುವುದಿಲ್ಲ. ಮೇಲಿನ ಪರೀಕ್ಷೆಗಳನ್ನು ಹೇಳುತ್ತೇನೆ. ಹೆರಿಗೆಗೆ ಎರಡು ತಿಂಗಳು ಮೊದಲೇ ಕೊಡಿ ಎನ್ನುತ್ತೇನೆ, ಮಗು ಬಂದ ಮೇಲೆ ಯಾರಿಗೂ ಪುರಸೊತ್ತಿರುವುದಿಲ್ಲ. ಪುಸ್ತಕದ ಜೊತೆಗೆ ಒಂದು ಥರ್ಮಾಮೀಟರ್ ಇಡಿ. ಅಪಾಯದ ಲಕ್ಷಣಗಳ ಪುಟಕ್ಕೆ ಒಂದು ಕೆಂಪು ಚೀಟಿ ಸಿಕ್ಕಿಸಿ. ಆಮೇಲೆ, ಬಾಣಂತನ ಮಾಡಲು ಊರಿಂದ ಬರುವ ಅಜ್ಜಿಗೆ ಆ ಒಂದು ಪುಟವನ್ನಾದರೂ ಕನ್ನಡದಲ್ಲಿ ಓದಿ ಹೇಳಿ. ಅಜ್ಜಿಯಂದಿರು ಕೇಳುತ್ತಾರೆ. ಸ್ವಲ್ಪ ತಡವಾಗಬಹುದು, ಅಷ್ಟೇ.