ಓಟ್ಟೊ ಕೋನಿಗ್ಸ್‌ಬರ್ಗರ್ ಅವರ ವಾಸ್ತುದೃಷ್ಟಿಯೂ ನಮ್ಮ ಮಾಳಿಗೆ ಮನೆಗಳೂ

1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಓಟ್ಟೊ ಕೋನಿಗ್ಸ್‌ಬರ್ಗರ್ ಅವರ ಹೆಸರು ನಮ್ಮ ಚರಿತ್ರೆಯ ಪಾಠಗಳಲ್ಲಿ ಅಪರೂಪವಾಗಿ ಬರುತ್ತದೆ. ಆ ಕಾಲದ ಬೆಂಗಳೂರಿನ ನಿರ್ಮಾಣಗಳನ್ನು ದಿವಾನರ ಹೆಸರಿನಿಂದಲೇ ಗುರುತಿಸುವ ರೂಢಿ ಇದಕ್ಕೆ ಕಾರಣವಿರಬೇಕು. ಅವರ ವೃತ್ತಿಜೀವನವನ್ನೂ, ಅದರಲ್ಲಿ ಪಕ್ವಗೊಂಡ ಒಂದು ವಿಚಾರವನ್ನೂ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಅವರು ಅಲ್ಲಿಯೇ ವಾಸ್ತುವಿದ್ಯೆಯನ್ನು ಕಲಿತು, 1933ರಲ್ಲಿ ಶಿಂಕೆಲ್ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷ ನಾತ್ಸಿ ಸರ್ಕಾರವು ಯೆಹೂದ್ಯರನ್ನು ಸರ್ಕಾರಿ ಸೇವೆಯಿಂದ ಹೊರಹಾಕಿತು. ಕೋನಿಗ್ಸ್‌ಬರ್ಗರ್ ಈಜಿಪ್ಟಿಗೆ ತೆರಳಿ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. ಪ್ರಾಚೀನ ಈಜಿಪ್ಟಿನ ಬಾಗಿಲಿನ ರಚನೆಯೇ ಅವರ ಡಾಕ್ಟರೇಟ್ ಪ್ರಬಂಧದ ವಿಷಯ. ಬಾಗಿಲನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದವರು ಮುಂದೆ ಕಿಟಕಿಯನ್ನೂ ಹಾಗೆಯೇ ಪರಿಗಣಿಸಿದರೆಂಬುದರಲ್ಲಿ ಆಶ್ಚರ್ಯವಿಲ್ಲ.

ಬೆಂಗಳೂರಿನ ಬಸವನಗುಡಿಯ ಕೃಷ್ಣರಾವ್ ಪೆವಿಲಿಯನ್, ಟಾಟಾ ವಿಜ್ಞಾನ ಸಂಸ್ಥೆಯ ಊಟದ ಶಾಲೆ ಮತ್ತು ಸಭಾಂಗಣ, ಅಲ್ಲಿಯ ವಿಮಾನಶಾಸ್ತ್ರ ವಿಭಾಗದ ಕಟ್ಟಡ ಇವು ಅವರ ಕೃತಿಗಳು. ಬಿಸಿಲನ್ನು ತಡೆಯುವ ಚಾಚು, ನೆರಳಿನ ಮೊಗಸಾಲೆ, ಕೋಣೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಗಾಳಿ ಹಾಯುವ ಏರ್ಪಾಡು, ಇವುಗಳಿಗೆ ಅವರು ವಿಶೇಷ ಗಮನ ಕೊಟ್ಟರು. ಜಮ್‌ಷೆಡ್‌ಪುರ ಮತ್ತು ಭುವನೇಶ್ವರಗಳ ನಗರಯೋಜನೆಗಳೂ ಅವರವೇ.

1948ರಲ್ಲಿ ಅವರು ಭಾರತ ಸರ್ಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯಿಂದ ನಿರಾಶ್ರಿತರಾದವರಿಗೆ ಶೀಘ್ರವಾಗಿ ಮನೆಗಳು ಬೇಕಾಗಿದ್ದ ಕಾಲವದು. ಕಾರ್ಖಾನೆಯಲ್ಲಿ ನೊರೆಕಾಂಕ್ರೀಟಿನ ಫಲಕಗಳನ್ನು ಎರಕಹೊಯ್ದು ಜೋಡಿಸುವ ಯೋಜನೆಯನ್ನು ದೆಹಲಿಯಲ್ಲಿ ಕೈಗೊಳ್ಳಲಾಯಿತು. ಫಲಕಗಳು ದೋಷಯುಕ್ತವಾದವು, ಯೋಜನೆ ಟೀಕೆಗೆ ಗುರಿಯಾಗಿ ವಿಫಲವಾಯಿತು. 1951ರಲ್ಲಿ ಅವರು ಲಂಡನ್ನಿಗೆ ಹೊರಟುಹೋದರು. ಈ ವೈಫಲ್ಯಕ್ಕೆ ತಾಂತ್ರಿಕ ಕಾರಣಗಳಿದ್ದುವು ನಿಜ. ಆದರೂ ಒಂದೇ ಅಚ್ಚಿನ ಮನೆ ಎಲ್ಲೆಡೆಗೂ ಸಲ್ಲುವುದೆಂಬ ನಂಬಿಕೆಗೆ ಅದು ಪೆಟ್ಟುಕೊಟ್ಟಿತೆಂದು ನಮಗೆ ತೋರುತ್ತದೆ.

ಲಂಡನ್ನಿನಲ್ಲಿ ಅವರು 1957ರಿಂದ ಉಷ್ಣವಲಯದ ವಾಸ್ತುವಿದ್ಯಾ ವಿಭಾಗದ ಮುಖ್ಯಸ್ಥರಾಗಿದ್ದರು. ಮೂವರು ಸಹಲೇಖಕರೊಡನೆ ಬರೆದ ಅವರ ಕೈಪಿಡಿ 1974ರಲ್ಲಿ ಹೊರಬಂದಿತು. ಅದರಲ್ಲಿಯ ವಿಧಾನ ಸರಳವಾದುದು: ತಿಂಗಳು ತಿಂಗಳಿನ ಉಷ್ಣಾಂಶ, ತೇವ, ಮಳೆಗಳನ್ನು ಕೋಷ್ಟಕದಲ್ಲಿ ಬರೆದು, ಅದರಿಂದ ಕಟ್ಟಡದ ದಿಕ್ಕು, ಕಿಟಕಿಯ ಗಾತ್ರ, ಗೋಡೆ ಮತ್ತು ಚಾವಣಿಗಳ ಭಾರ ಇವನ್ನು ನಿರ್ಣಯಿಸುವುದು. ಆಕಾರದ ಪ್ರಶ್ನೆ ಆಮೇಲಿನದು. ಒಣ ಸೆಕೆಯ ಪ್ರದೇಶಕ್ಕೆ ಒತ್ತಾದ ಮನೆ, ಸಣ್ಣ ಕಿಂಡಿ, ಹೊರಗಿನ ಬಿಸಿ ಒಳಮುಟ್ಟಲು 8 ಗಂಟೆಗಿಂತ ಹೆಚ್ಚು ಹಿಡಿಯುವ ದಪ್ಪ ಗೋಡೆ ಮತ್ತು ಚಾವಣಿ, ರಾತ್ರಿ ಹೊರಗೆ ಮಲಗಲು ಸ್ಥಳ ಇವು ಅಗತ್ಯವೆನ್ನುತ್ತದೆ ಈ ವಿಧಾನ.

ಇದನ್ನೋದಿದಾಗ ತಂಬ್ರಹಳ್ಳಿಯ ಸೀಮೆಯವರಿಗೆ ಊರಿನ ಮಾಳಿಗೆ ಮನೆ ಕಣ್ಣಿಗೆ ಕಟ್ಟುತ್ತದೆ. (ಕೋನಿಗ್ಸ್‌ಬರ್ಗರ್ ಮೈಸೂರಿನಲ್ಲಿದ್ದಾಗ ಈ ಸೀಮೆ ಮದರಾಸು ಆಡಳಿತಕ್ಕೆ ಸೇರಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ.) ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆಜಂತಿಗಳ ಮೇಲೆ ಚೌಳುಮಣ್ಣು ಹರಡಿದ ಚಾವಣಿ, ಅದರಲ್ಲೊಂದು ಬೆಳಕಿಂಡಿ. ಹಗಲಿನ ಬಿಸಿಲು ಆ ಮಣ್ಣನ್ನು ದಾಟಿ ಒಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಬೇಸಗೆಯಲ್ಲಿ ಮನೆಯವರು ಆಗ ಮಾಳಿಗೆಯ ಮೇಲೆ ಮಲಗಿರುತ್ತಾರೆ. ತೆಳುವಾದ ಕಾಂಕ್ರೀಟು ಚಾವಣಿಯಾದರೋ ಕೆಲವೇ ಗಂಟೆಗಳಲ್ಲಿ ಬಿಸಿಯನ್ನು ಒಳಗಿಳಿಸುತ್ತದೆ.

ಮಾಳಿಗೆಯನ್ನು ಹಾಡಿಹೊಗಳುವುದು ನಮ್ಮ ಉದ್ದೇಶವಲ್ಲ. ಅದು ಸೋರುತ್ತದೆ, ಮಳೆಗಾಲಕ್ಕೆ ಮೊದಲು ಮಣ್ಣು ಬೇಡುತ್ತದೆ, ತೊಲೆಗೆ ಗೆದ್ದಲು ಹಿಡಿಯುತ್ತದೆ. ಕಾಂಕ್ರೀಟನ್ನು ಆರಿಸಿದ ಗೃಹಸ್ಥನನ್ನು ದೂರುವಂತಿಲ್ಲ. ಆದರೆ ಮಾಳಿಗೆಯನ್ನು ಕೆಡವುವಾಗ ಅದರಲ್ಲಡಗಿದ ಲೆಕ್ಕಾಚಾರವೂ ದಾಖಲೆಯಿಲ್ಲದೆ ಹೋಗುತ್ತಿದೆ. ಗೋಡೆಯ ದಪ್ಪ, ಬೆಳಕಿಂಡಿಯ ಅಗಲ, ನಡುಹಗಲು ಮತ್ತು ನಡುರಾತ್ರಿಗಳಲ್ಲಿ ಪಡಸಾಲೆಯ ಉಷ್ಣಾಂಶ ಇವನ್ನು ಬರೆದಿಡಲು ನಮ್ಮ ವಿದ್ಯಾರ್ಥಿಗಳಿಗೆ ಒಂದು ಅಳತೆಪಟ್ಟಿಯೂ ಒಂದು ಉಷ್ಣಮಾಪಕವೂ ಸಾಕು.