ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುಂಚೆ ಇದನ್ನ ಓದಿ

ಅಣ್ಣನೋ ಅಕ್ಕನೋ ಕಾಲೇಜಿಗೆ ಹೋಗುವಾಗ ಬಳಸಿದ ಲ್ಯಾಪ್‌ಟಾಪ್ ಒಂದು ಎಷ್ಟೋ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದೆ. ಆನ್ ಮಾಡಿದ್ರೆ ಹತ್ತು ನಿಮಿಷ ಸುತ್ತುತ್ತೆ. ಗುಜರಿಯವರಿಗೆ ಕೊಟ್ರೆ ಸಿಗೋದು ಚಿಲ್ಲರೆ ಕಾಸು. ಆದ್ರೆ ಕ್ಯಾಲನೂರಿನ ಗೂಡು ಮಾರುಕಟ್ಟೆಗೆ ಲಾಟು ಹಾಕೋ ರೇಷ್ಮೆ ಬೆಳೆಗಾರರಿಗೆ ಅದೇ ಯಂತ್ರದಿಂದ ಒಂದು ದೊಡ್ಡ ಕೆಲಸ ಆಗುತ್ತೆ: ಬೆಳೆ ಬೆಳೆಗೂ ಲೆಕ್ಕ ಇಡೋದು.

ಮೊದಲು ಬ್ಯಾಟರಿ ನೋಡಿ

ಲ್ಯಾಪ್‌ಟಾಪ್ ತಿರುಗಿಸಿ ನೋಡಿ. ತಳ ಉಬ್ಬಿದ್ರೆ, ಕೀಬೋರ್ಡ್ ಮೇಲೆದ್ದಿದ್ರೆ ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಚಾರ್ಜ್‌ಗೆ ಹಾಕಲೇಬೇಡಿ, ಚುಚ್ಚಬೇಡಿ, ಒತ್ತಬೇಡಿ. ಒಳಗಿರೋದು ಲಿಥಿಯಂ. ಬೆಂಕಿ ಹತ್ತಿಕೊಂಡ್ರೆ ಆರಿಸೋದು ಕಷ್ಟ. ರಿಪೇರಿಯವರ ಕೈಲಿ ತೆಗೆಸಿ. ಬಹಳಷ್ಟು ಹಳೇ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆ ಚಾರ್ಜರ್ ಮೇಲೇ ನಡೆಯುತ್ತವೆ. ಕರೆಂಟ್ ಹೋದ ತಕ್ಷಣ ಆಫ್ ಆಗುತ್ತೆ ಅಷ್ಟೇ. ಹಾಗಾಗಿ ಆಗಾಗ ಸೇವ್ ಮಾಡ್ತಾ ಇರಿ.

ನಿಧಾನಕ್ಕೆ ಕಾರಣ, ಪರಿಹಾರ

ವಿಂಡೋಸ್ 7ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ಇಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡೋದು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಪರಿಹಾರ ಉಚಿತವಾಗಿ ಸಿಗೋ ಲಿನಕ್ಸ್. ರ‍್ಯಾಮ್ 4 ಜಿಬಿ ಇದ್ರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ನಡೆಯುತ್ತೆ. 1–2 ಜಿಬಿ ಇದ್ರೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್ ನೋಡಿ. ಬೇರೆ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮಾಡಿ, 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಸಿ. ಇನ್‌ಸ್ಟಾಲ್ ಮಾಡದೇನೇ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಸರಿ ಅನ್ನಿಸಿದ್ಮೇಲೆ ಒಳಗಿರೋ ಫೋಟೋ, ದಾಖಲೆ ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕೊಂಡು ಇನ್‌ಸ್ಟಾಲ್ ಮಾಡಿ, ಯಾಕಂದ್ರೆ ಆಮೇಲೆ ಹಳೇದು ಅಳಿಸಿಹೋಗುತ್ತೆ. ಕನ್ನಡ ಟೈಪಿಂಗ್‌ಗೆ ನುಡಿಯವರು ಬಳಸೋ ಕಗಪ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ.

ಕೈಲಿ ಸ್ವಲ್ಪ ದುಡ್ಡಿದ್ರೆ ಹಳೇ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ವೇಗದ ವ್ಯತ್ಯಾಸ ಅವತ್ತೇ ಗೊತ್ತಾಗುತ್ತೆ. ವೈಫೈ ಕೆಟ್ಟಿದ್ರೂ ಚಿಂತೆ ಇಲ್ಲ. ಫೋನನ್ನ ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದ್ರೆ ಇಂಟರ್ನೆಟ್ ಬರುತ್ತೆ.

ಗೂಡಿನ ಲೆಕ್ಕ ಹೀಗೆ ಇಡಿ

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಒಂದು ಬೆಳೆಗೆ ಒಂದು ಸಾಲು. ಚಾಕಿ ತಂದ ದಿನ, ಮೊಟ್ಟೆ ಎಷ್ಟು, ಚಾಕಿ ದುಡ್ಡು, ಕೊಂಡ ಸೊಪ್ಪು, ಕೂಲಿ, ಔಷಧಿ, ಚಂದ್ರಿಕೆ ಬಾಡಿಗೆ, ಸಾಗಾಣಿಕೆ, ಗೂಡಿನ ತೂಕ, ಸಿಕ್ಕ ರೇಟು. ಮನೆಯವರ ಕೂಲಿಯನ್ನೂ ಸೇರಿಸಿ. ಅದನ್ನ ಬಿಟ್ರೆ ಲೆಕ್ಕ ಸುಳ್ಳು ಹೇಳುತ್ತೆ.

ಉದಾಹರಣೆಗೆ, 150 ಮೊಟ್ಟೆಗೆ ಒಟ್ಟು ಖರ್ಚು 38,500 ರೂಪಾಯಿ, ಗೂಡು 110 ಕೆಜಿ ಅಂದುಕೊಳ್ಳಿ. ಭಾಗಿಸಿದ್ರೆ ಕೆಜಿಗೆ ಬಿದ್ದ ಖರ್ಚು 350 ರೂಪಾಯಿ. ಈ ಒಂದು ಸಂಖ್ಯೆ ಕೈಲಿದ್ರೆ ಹರಾಜಿನಲ್ಲಿ ಬಂದ ರೇಟಿಗೆ ಒಪ್ಪಬೇಕೋ ಬೇಡವೋ ಅನ್ನೋದು ಗಾಬರಿಯಿಲ್ಲದೆ ತೀರ್ಮಾನ ಆಗುತ್ತೆ. ಇಳುವರಿ 100 ಮೊಟ್ಟೆಗೆ ಎಷ್ಟು ಅಂತ ವರ್ಷದ ಎಲ್ಲಾ ಬೆಳೆಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ, ಯಾವ ಕಾಲದಲ್ಲಿ, ಯಾವ ಚಾಕಿಯಲ್ಲಿ ಹೊಡೆತ ಬಿತ್ತು ಅಂತಾನೂ ಕಾಣುತ್ತೆ. ಟೊಮ್ಯಾಟೊ ಬೆಳೆಯೋರು, ಡೇರಿಗೆ ಹಾಲು ಹಾಕೋರು ಕಾಲಂ ಹೆಸರು ಬದಲಾಯಿಸಿಕೊಂಡ್ರೆ ಸಾಕು.

ಹುಳು ಮನೇಲಿ ಇಡಬೇಡಿ

ಹುಳು ಮನೆಯ ತೇವಾಂಶ, ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರ್ ಲ್ಯಾಪ್‌ಟಾಪನ್ನ ಬೇಗ ತಿಂದುಹಾಕುತ್ತೆ. ಹಗಲೂ ರಾತ್ರಿ ಕ್ಯಾಮೆರಾ ಥರ ಬಳಸೋದೂ ಲಾಭ ಇಲ್ಲ. 30 ವ್ಯಾಟ್ ಎಳೆಯುತ್ತೆ ಅಂದ್ರೂ ತಿಂಗಳಿಗೆ ಸುಮಾರು 21 ಯೂನಿಟ್ ಆಯ್ತು.

ಪೂರ್ತಿ ಸತ್ತಿದ್ರೆ?

2014ರಲ್ಲಿ ಐಬಿಎಂನ ಭಾರತದ ಸಂಶೋಧಕರು ಎಸೆದ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ದೀಪ ಉರಿಸೋ ‘ಉರ್‌ಜಾರ್’ ಅನ್ನೋ ಸಾಧನ ಮಾಡಿ ಬೆಂಗಳೂರಿನಲ್ಲಿ ಪ್ರಯೋಗ ಮಾಡಿದ್ರು. ಅವರು ಪರೀಕ್ಷಿಸಿದ ಬ್ಯಾಟರಿಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ, ಒಂದು ಎಲ್‌ಇಡಿ ದೀಪವನ್ನ ದಿನಕ್ಕೆ 4 ಗಂಟೆಯಂತೆ ಒಂದು ವರ್ಷ ಉರಿಸೋವಷ್ಟು ತಾಕತ್ತು ಇನ್ನೂ ಇತ್ತು. ಆದ್ರೆ ಅವರು ಒಂದೊಂದು ಸೆಲ್ಲನ್ನೂ ಅಳೆದು, ರಕ್ಷಣಾ ಸರ್ಕ್ಯೂಟ್ ಹಾಕಿ ಮಾಡಿದ್ದು. ವಿಡಿಯೋ ನೋಡಿ ಮನೇಲಿ ಬಿಚ್ಚೋಕೆ ಹೋಗಬೇಡಿ.

ಕೊಡೋದೇ ಆದ್ರೆ ಮೊದಲು ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಳ್ಳಿ. ಆಧಾರ್, ಪಾಸ್‌ಬುಕ್ ಫೋಟೋ ಅದರಲ್ಲೇ ಇರುತ್ತೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಇ-ತ್ಯಾಜ್ಯ ನಿಯಮದ ಪ್ರಕಾರ ಮರುಬಳಕೆಯ ಹೊಣೆ ಕಂಪನಿಗಳದ್ದು. ಹಾಗಾಗಿ ನೋಂದಾಯಿತ ಇ-ತ್ಯಾಜ್ಯ ಕೇಂದ್ರಕ್ಕೇ ಕೊಡಿ. ಹೊಲದ ಬದುವಿನಲ್ಲಿ ಸುಟ್ರೆ ಸೀಸದಂಥ ವಿಷ ನಿಮ್ಮ ಮಣ್ಣಿಗೇ ಸೇರುತ್ತೆ.

ಈ ವಾರ ಅಟ್ಟದಿಂದ ಇಳಿಸಿ, ಬ್ಯಾಟರಿ ನೋಡಿ, ರ‍್ಯಾಮ್ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಚಾಕಿ ಬರೋ ಹೊತ್ತಿಗೆ ಮೊದಲ ಸಾಲು ತುಂಬೋಕೆ ಶುರು ಮಾಡಬಹುದು.