ಪಸ್ಕಕ್ಕೆ ಮುಂಚಿನ ನಾಲ್ಕು ವಾರಗಳು: ದಂಡಿನ ಯೆಹೂದ್ಯರನ್ನು ಕುರಿತು

ಹಬ್ಬವೆಂದರೆ ಒಂದು ಹೊತ್ತಿನ ಊಟವಲ್ಲ. ಗೋಡೆಗೆ ಸುಣ್ಣ ಬಳಿಯುವುದು, ಪಾತ್ರೆ ಪಡಗ ಬೆಳಗುವುದು, ನೆಂಟರಿಷ್ಟರಿಗೆ ಹೇಳಿ ಕಳುಹಿಸುವುದು, ಇಲ್ಲದವರ ಮನೆಗೆ ಅಕ್ಕಿಬೇಳೆ ಮುಟ್ಟಿಸುವುದು, ಇವೆಲ್ಲ ಸೇರಿದರೇ ಹಬ್ಬ. ಆದುದರಿಂದ ಒಂದು ಜನಾಂಗದ ಒಳಬಾಳನ್ನು ಅರಿಯಬೇಕೆನ್ನುವವರು ಅದರ ಹಬ್ಬದ ದಿನಕ್ಕಿಂತಲೂ ಹಬ್ಬಕ್ಕೆ ಮುಂಚಿನ ದಿನಗಳನ್ನು ಗಮನಿಸುವುದು ಮೇಲು.

ಬೆಂಗಳೂರಿನ ದಂಡು ಪ್ರದೇಶವು ಹಲವು ಮತಗಳವರ ತವರು. ಶಿವಾಜಿನಗರದ ಮಸೀದಿಗಳು, ಸಂತ ಮರಿಯಮ್ಮನವರ ದೇವಾಲಯ, ಹಲಸೂರಿನ ಸೋಮೇಶ್ವರನ ಗುಡಿ, ಅಲ್ಲಿನ ಕೆರೆಯ ಬಳಿಯ ಗುರುದ್ವಾರ, ಇವು ವಾಚಕರಿಗೆಲ್ಲ ಪರಿಚಿತವಾದುವು. ಆದರೆ ಇದೇ ಬೀದಿಗಳಲ್ಲಿ ಯೆಹೂದ್ಯರೂ ಬಾಳಿದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದಕ್ಕೆ ಕಾರಣವೂ ಉಂಟು. ಅವರು ಇಲ್ಲಿ ಗೋಪುರವುಳ್ಳ ಮಂದಿರವನ್ನು ಕಟ್ಟಲಿಲ್ಲ. ಮಂದಿರವಿಲ್ಲದ ಊರಿನಲ್ಲಿ ಒಂದು ಮತವು ಹೇಗೆ ಉಳಿಯುತ್ತದೆ? ಅವರ ಪಸ್ಕ ಹಬ್ಬದ ಸಿದ್ಧತೆಯನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಮೊದಲು ಈ ಜನರು ಯಾರು ಎಂಬುದನ್ನು ತಿಳಿಯೋಣ. ಭಾರತದ ಯೆಹೂದ್ಯರಲ್ಲಿ ಮೂರು ಮುಖ್ಯ ಪಂಗಡಗಳುಂಟು. ಕೊಂಕಣ ತೀರದ ಬೆನೆ ಇಸ್ರೇಲರು ಮರಾಠಿ ಮಾತನಾಡುವವರು. ಎಣ್ಣೆ ಗಾಣ ಅವರ ಹಳೆಯ ಕಸುಬು. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾಗಿ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಎರಡನೆಯವರು ಮಲಯಾಳಂ ಮಾತನಾಡುವ ಕೊಚ್ಚಿಯ ಯೆಹೂದ್ಯರು. ಮೂರನೆಯವರು ವ್ಯಾಪಾರಕ್ಕಾಗಿ ಇರಾಕ್ ಮುಂತಾದ ದೇಶಗಳಿಂದ ಬಂದು ಮುಂಬಯಿ, ಕಲ್ಕತ್ತಾಗಳಲ್ಲಿ ನೆಲೆಸಿದ ಬಾಗ್ದಾದಿಗಳು.

ಬೆನೆ ಇಸ್ರೇಲರಲ್ಲಿ ಅನೇಕರು ಕಂಪನಿಯ ಸೈನ್ಯವನ್ನು ಸೇರಿದರು. ನಮ್ಮ ಮೈಸೂರಿನ ಚರಿತ್ರೆಗೂ ಅವರಿಗೂ ಇರುವ ನಂಟು ಇಲ್ಲಿಂದಲೇ ಮೊದಲಾಗುತ್ತದೆ. ಎರಡನೆಯ ಮೈಸೂರು ಯುದ್ಧದಲ್ಲಿ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಎಂಬ ಅಧಿಕಾರಿಯು ಟಿಪ್ಪುವಿನ ಸೆರೆಗೆ ಸಿಕ್ಕಿದನು. ಇವರು ಇಸ್ರೇಲಿನ ಮಕ್ಕಳೆಂದು ಕೇಳಿದ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಬೇಕೆಂದು ಮಗನನ್ನು ಬೇಡಿದಳೆಂದು ಆ ಜನರಲ್ಲಿ ಒಂದು ಐತಿಹ್ಯವಿದೆ. ಬಿಡುಗಡೆ ಹೊಂದಿ ಹಿಂದಿರುಗಿದ ದಿವೇಕರನು 1796ರಲ್ಲಿ ಮುಂಬಯಿಯಲ್ಲಿ ‘ಕರುಣೆಯ ದ್ವಾರ’ ಎಂಬರ್ಥದ ಹೆಸರಿನ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದನು. ಬೆನೆ ಇಸ್ರೇಲರ ಮೊದಲ ಮಂದಿರ ಅದೇ.

ಬೆಂಗಳೂರಿನ ದಂಡು 1809ರಲ್ಲಿ ಸ್ಥಾಪನೆಯಾಯಿತು. ಸೈನಿಕರು, ಅವರ ಹಿಂದೆ ವರ್ತಕರು ಬಂದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಾಗ್ದಾದ್ ಮೂಲದ ರೂಬಿನ್ ಮೋಸಸ್ ಎಂಬುವರ ದೊಡ್ಡ ಪಾದರಕ್ಷೆಯ ಅಂಗಡಿ ಹೆಸರುವಾಸಿಯಾಗಿದ್ದಿತು. ಯೆಹೂದ್ಯರ ಸಾಮೂಹಿಕ ಪ್ರಾರ್ಥನೆಗಳು ಆ ಕುಟುಂಬದ ಮನೆಯಲ್ಲಿಯೇ ನಡೆಯುತ್ತಿದ್ದುವು. ಮೈಸೂರು ರಸ್ತೆಯಲ್ಲಿ ಅವರ ಸ್ಮಶಾನವಿದೆ. ಅದರ ನೆಲವನ್ನು 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ದಯಪಾಲಿಸಿದರು. ಅಲ್ಲಿ ಮೊದಲು ಮಣ್ಣಾದವರು ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್‌ಕರ್. ಹೆಸರೇ ಹೇಳುವಂತೆ ಅವರು ಕೊಂಕಣದ ನಾಗಾವ್ ಊರಿನ ಮನೆತನದವರು. ಮುಂದೆ ಹಿಟ್ಲರನ ಕಾಟದಿಂದ ಯೂರೋಪನ್ನು ಬಿಟ್ಟವರೂ ಇಲ್ಲಿಗೆ ಬಂದರು. 1939ರಲ್ಲಿ ಬಂದು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದ ಆಟೊ ಕೋನಿಗ್ಸ್‌ಬರ್ಗರ್ ಅವರಲ್ಲೊಬ್ಬರು. ಹೀಗೆ ಸುಬೇದಾರ, ಸಾಹುಕಾರ, ನಿರಾಶ್ರಿತ ಎಲ್ಲರೂ ಕೂಡಿ ಒಂದು ಸಣ್ಣ ಸಮಾಜವಾಯಿತು.

ಸಣ್ಣ ಸಮಾಜಕ್ಕೆ ಒಂದು ಚಿಂತೆ ಯಾವಾಗಲೂ ಉಂಟು. ಯೆಹೂದ್ಯರ ಸಂಪ್ರದಾಯದಂತೆ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಗಂಡಸರು ಸೇರಬೇಕು. ಒಂಬತ್ತು ಮಂದಿ ಸೇರಿದರೆ ಸಾಲದು. ಮುಂಬಯಿಯಂತಹ ಊರಿನಲ್ಲಿ ಇದು ಕಷ್ಟವಲ್ಲ. ಕೆಲವೇ ಮನೆಗಳಿರುವ ಊರಿನಲ್ಲಿ ಹತ್ತನೆಯವನು ಬಂದನೇ ಎಂಬುದೇ ದೊಡ್ಡ ಮಾತು. ಆದರೆ ಪಸ್ಕ ಹಬ್ಬದ ಮುಖ್ಯ ವಿಧಿಗೆ ಮಂದಿರವೂ ಬೇಡ, ಹತ್ತು ಮಂದಿಯೂ ಬೇಡ. ಅದು ಮನೆಯ ಊಟದ ಮೇಜಿನ ಮುಂದೆ ನಡೆಯುತ್ತದೆ. ಮಂದಿರವಿಲ್ಲದ ಊರಿನಲ್ಲಿ ಈ ಹಬ್ಬಕ್ಕಿರುವ ಬೆಲೆ ಇದರಿಂದ ತಿಳಿಯುತ್ತದೆ.

ಹಬ್ಬದ ಕಥೆಯು ಬೈಬಲ್ಲಿನ ವಿಮೋಚನಕಾಂಡದಲ್ಲಿದೆ. ಐಗುಪ್ತದ ಅರಸನಾದ ಫರೋಹನಿಗೆ ಗುಲಾಮರಾಗಿದ್ದ ಇಸ್ರೇಲರನ್ನು ಮೋಶೆಯು ಬಿಡಿಸಿ ಕರೆತಂದನು. ಹೊರಡುವ ಅವಸರದಲ್ಲಿ ಹಿಟ್ಟು ಹುಳಿಯೇರಲು ಸಮಯವಿರಲಿಲ್ಲ. ಹುಳಿಯಿಲ್ಲದ ರೊಟ್ಟಿಯನ್ನೇ ಸುಟ್ಟು ತಿಂದರು. ಆ ನೆನಪಿಗಾಗಿ ಇಸ್ರೇಲ್ ದೇಶದಲ್ಲಿ 7 ದಿನ, ಹೊರದೇಶಗಳಲ್ಲಿ 8 ದಿನ ಹುಳಿ ಹಿಟ್ಟನ್ನು ತಿನ್ನುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ.

ಈ ಹಬ್ಬವು ನಿಸಾನ್ ಮಾಸದ ಹುಣ್ಣಿಮೆಯಲ್ಲಿ ಬರುತ್ತದೆ. ಅವರ ಪಂಚಾಂಗವೂ ನಮ್ಮದರಂತೆ ಚಂದ್ರನ ಗತಿಯನ್ನು ಹಿಡಿದು, ಋತುಗಳು ತಪ್ಪದಂತೆ ಅಧಿಕ ಮಾಸವನ್ನು ಸೇರಿಸುವಂತಹದು. 19 ವರ್ಷಗಳಲ್ಲಿ 7 ಅಧಿಕ ಮಾಸಗಳು ಬರುತ್ತವೆ. ಎರಡು ಪಂಚಾಂಗಗಳ ಅಧಿಕ ಮಾಸಗಳು ಒಂದೇ ವರ್ಷ ಬೀಳದಿದ್ದಾಗ ಹಬ್ಬಗಳ ನಡುವೆ ಒಂದು ತಿಂಗಳ ಅಂತರ ಬೀಳಬಹುದು. ಉಳಿದ ವರ್ಷಗಳಲ್ಲಿ ಅವರ ನಿಸಾನ್ ನಮ್ಮ ಚೈತ್ರವೇ. ನಾವು ಬೇವು ಬೆಲ್ಲ ತಿನ್ನುವ ಹೊತ್ತಿಗೆ ಅವರ ಮನೆಗಳಲ್ಲಿ ಸಿದ್ಧತೆ ಭರದಿಂದ ಸಾಗಿರುತ್ತದೆ. ಪೇಟೆಯಲ್ಲಿ ಕರಗ ಹೊರಡುವ ಚೈತ್ರ ಪೌರ್ಣಮಿಯ ರಾತ್ರಿ ಅವರ ಪಸ್ಕ. 2025ನೆಯ ಇಸವಿಯಲ್ಲಿ ಮಾರ್ಚಿ 30ರಂದು ಯುಗಾದಿ. ಏಪ್ರಿಲ್ 12ರ ಸಂಜೆ ಪಸ್ಕ ಮೊದಲಾಯಿತು. ಅದೇ ರಾತ್ರಿ ಧರ್ಮರಾಯನ ಗುಡಿಯಿಂದ ಕರಗವೂ ಹೊರಟಿತು.

ಪಸ್ಕಕ್ಕೆ ಒಂದು ತಿಂಗಳು ಮುಂಚೆ, ಹಿಂದಿನ ಹುಣ್ಣಿಮೆಯ ಹೊತ್ತಿಗೆ, ಪೂರಿಮ್ ಹಬ್ಬ. ಅಂದು ಎಸ್ತೇರ್ ರಾಣಿಯ ಕಥೆಯನ್ನು ಸುರುಳಿಯಿಂದ ಓದುತ್ತಾರೆ. ಆ ಕಥೆಯ ಮೊದಲಲ್ಲಿಯೇ ಪಾರಸಿಕ ದೊರೆಯ ರಾಜ್ಯದ ಒಂದು ಎಲ್ಲೆಯಾಗಿ ಹಿಂದೂ ದೇಶದ ಹೆಸರು ಬರುತ್ತದೆ. ಪೂರಿಮ್ ನಮ್ಮ ಕಾಮನ ಹುಣ್ಣಿಮೆಯ ಕಾಲಕ್ಕೆ ಬರುವುದರಿಂದ ಕೊಂಕಣದ ಬೆನೆ ಇಸ್ರೇಲರು ಅದನ್ನು ‘ಹೋಳಿಚಾ ಸಣ್’, ಎಂದರೆ ಹೋಳಿಯ ಹಬ್ಬ, ಎಂದೇ ಕರೆಯುತ್ತಿದ್ದರು. ಅಂದು ಗೆಳೆಯರಿಗೆ ತಿಂಡಿಯ ತಟ್ಟೆ, ಬಡವರಿಗೆ ಕಾಣಿಕೆ ಕಳುಹಿಸುವುದು ಕಡ್ಡಾಯ. ಅಲ್ಲಿಂದ ಮೂವತ್ತು ದಿನ ಪಸ್ಕದ ನಿಯಮಗಳನ್ನು ಕೇಳಿ ತಿಳಿಯಬೇಕೆಂಬುದು ಅವರ ಹಿರಿಯರ ವಿಧಿ.

ಈ ಕಾಲದ ಶನಿವಾರಗಳಿಗೆ ಪ್ರತ್ಯೇಕ ಪಾಠಗಳುಂಟು. ಪೂರಿಮ್‌ಗೂ ಮುಂಚಿನ ಒಂದು ಶನಿವಾರ, ಬಡವನೂ ಧನಿಕನೂ ಸಮನಾಗಿ ಅರ್ಧ ಶೆಕೆಲ್ ನಾಣ್ಯವನ್ನು ದೇವರ ಕೆಲಸಕ್ಕೆ ಕೊಡಬೇಕೆಂಬ ಭಾಗವನ್ನು ಓದುತ್ತಾರೆ. ಇನ್ನೊಂದು ಶನಿವಾರ ಶುದ್ಧಿಯ ವಿಧಿ. ಮತ್ತೊಂದರಲ್ಲಿ ನಿಸಾನ್ ಮಾಸದ ಆಗಮನದ ಪ್ರಸ್ತಾಪ. ಪಸ್ಕಕ್ಕೆ ಹತ್ತಿರದ ಶನಿವಾರಕ್ಕೆ ‘ಮಹಾ ಸಬ್ಬತ್’ ಎಂದು ಹೆಸರು; ಅಂದು ಗುರುಗಳು ಹಬ್ಬದ ವಿಚಾರವಾಗಿ ದೀರ್ಘವಾಗಿ ಉಪದೇಶ ಮಾಡುವರು. ಈ ವಾರಗಳಲ್ಲಿಯೇ ‘ಗೋಧಿಯ ಹಣ’ ಎಂಬ ನಿಧಿಯನ್ನು ಕೂಡಿಸುತ್ತಾರೆ. ಹಬ್ಬದ ರೊಟ್ಟಿಗೆ ಗತಿಯಿಲ್ಲದ ಮನೆ ಸಮಾಜದಲ್ಲಿ ಒಂದೂ ಇರಬಾರದೆಂಬುದು ಅದರ ಉದ್ದೇಶ. ಯಾರು ಕೊಡಬಲ್ಲರು, ಯಾರಿಗೆ ಬೇಕು ಎಂದು ವಿಚಾರಿಸುವ ನೆಪದಲ್ಲಿ ಪ್ರತಿಯೊಂದು ಮನೆಯ ಬಾಗಿಲನ್ನೂ ತಟ್ಟಿದಂತಾಗುತ್ತದೆ.

ಇನ್ನು ಮನೆಯ ಕೆಲಸ. ಗೋಧಿ, ಜವೆಗೋಧಿ, ಓಟ್ಸ್, ರೈ ಮತ್ತು ಗೋಧಿಯ ಜಾತಿಯದೇ ಆದ ಸ್ಪೆಲ್ಟ್ ಎಂಬ ಐದು ಧಾನ್ಯಗಳು ನೀರು ಸೋಕಿ ಹುಳಿಯೇರಿದರೆ ಅದಕ್ಕೆ ‘ಹಮೇಟ್ಸ್’ ಎಂದು ಹೆಸರು. ಅದರ ಚೂರೂ ಮನೆಯಲ್ಲಿ ಉಳಿಯಬಾರದು. ನಮ್ಮ ರಾಗಿ ಈ ಐದರಲ್ಲಿ ಸೇರಿಲ್ಲ. ಯೂರೋಪಿನ ಯೆಹೂದ್ಯರು ಅಕ್ಕಿ, ಬೇಳೆಗಳನ್ನೂ ಬಿಡುತ್ತಾರೆ. ಭಾರತದವರಿಗೆ ಅಕ್ಕಿ ನಿಷಿದ್ಧವಲ್ಲ.

ದಂಡಿಗೆ ಬಂದವರು ಬೇರೆ ಬೇರೆ ಸೀಮೆಯವರು. ಆ ಸೀಮೆಗಳ ವಾಡಿಕೆಗಳು ತಿಳಿಯತಕ್ಕಂತಹುವು. ಕೊಚ್ಚಿಯಲ್ಲಿ ಚಳಿಗಾಲದ ಹನುಕ್ಕಾ ಹಬ್ಬ ಮುಗಿದೊಡನೆಯೇ ಪಸ್ಕದ ಕೆಲಸ ಮೊದಲಾಗುತ್ತಿದ್ದಿತು. ಮನೆಗೆ ಸುಣ್ಣ ಬಳಿದು, ಬಾವಿಯ ನೀರನ್ನೆಲ್ಲ ತೋಡಿ ಅದನ್ನು ಉಜ್ಜಿ ತೊಳೆದು, ಹಬ್ಬದ ಅಕ್ಕಿಯನ್ನು ಕಾಳು ಕಾಳಾಗಿ ಆರಿಸುತ್ತಿದ್ದರು. ಹಬ್ಬಕ್ಕೆಂದೇ ಬೇರೆ ಪಾತ್ರೆಗಳು. ವರ್ಷವೆಲ್ಲ ಅವುಗಳನ್ನು ಪ್ರತ್ಯೇಕವಾಗಿ ಇಡುವರು. ಕಲ್ಕತ್ತಾದ ಬಾಗ್ದಾದಿ ಮನೆಗಳಿಗೆ ಹಬ್ಬಕ್ಕೆ ಮುಂಚೆ ಕಲಾಯಿಯವನು ಬಂದು ತಾಮ್ರದ ಪಾತ್ರೆಗಳಿಗೆಲ್ಲ ಹೊಸದಾಗಿ ಕಲಾಯಿ ಹಾಕುತ್ತಿದ್ದನು. ಖರ್ಜೂರದ ಪಾಕವನ್ನು ಕಾಯಿಸುವುದು, ದ್ರಾಕ್ಷಾರಸಕ್ಕೆ ಬದಲಾಗಿ ಒಣದ್ರಾಕ್ಷಿಯನ್ನು ನೆನೆಸಿ ಪಾನಕ ಮಾಡುವುದು ನಮ್ಮ ದೇಶದ ಯೆಹೂದ್ಯರ ರೂಢಿ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ಕೊಂಕಣದ ಒಂದು ಹಳೆಯ ಆಚಾರ. ಬೆನೆ ಇಸ್ರೇಲರು ಬಹುಕಾಲ ತಮ್ಮ ಧರ್ಮಗ್ರಂಥಗಳಿಂದ ದೂರವಾಗಿದ್ದರು. ಹೀಬ್ರೂ ಓದಬಲ್ಲವರು ಅವರಲ್ಲಿರಲಿಲ್ಲ. ಆ ಕಾಲದಲ್ಲಿಯೂ ಅವರು ಚೈತ್ರದ ಹೊತ್ತಿಗೆ ‘ಆನಾಸಿ ಢಾಕಾಯಚಾ ಸಣ್’ ಎಂಬ ಹಬ್ಬವನ್ನು ಆಚರಿಸುತ್ತಿದ್ದರೆಂದು ಆ ಜನಾಂಗದ ಚರಿತ್ರೆಯನ್ನು ಬರೆದ ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್ ಅವರಿಂದ ತಿಳಿಯುತ್ತದೆ. ಮನೆಯಲ್ಲಿ ಹುಳಿ ಪದಾರ್ಥವಿಡುವ ಗಡಿಗೆಯನ್ನು ಮುಚ್ಚಿಡುವುದೇ ಆ ಹಬ್ಬ. ಪುಸ್ತಕ ಹೋಯಿತು, ಮಂತ್ರ ಹೋಯಿತು, ಹಬ್ಬದ ಹೆಸರೂ ಮರೆತುಹೋಯಿತು; ಹುಳಿಯನ್ನು ಮುಟ್ಟಬಾರದೆಂಬ ನೆನಪು ಮಾತ್ರ ಅಡಿಗೆ ಮನೆಯ ಮೂಲೆಯ ಒಂದು ಗಡಿಗೆಯಲ್ಲಿ ಉಳಿಯಿತು. ಅದನ್ನು ಉಳಿಸಿದವರು ಅಕ್ಷರ ತಿಳಿಯದ ತಾಯಂದಿರೇ ಅಲ್ಲವೆ?

ಹಬ್ಬದ ರೊಟ್ಟಿಗೆ ‘ಮತ್ಸಾ’ ಎಂದು ಹೆಸರು. ಹಿಟ್ಟಿಗೆ ನೀರು ಬಿದ್ದ ಕ್ಷಣದಿಂದ 18 ನಿಮಿಷಗಳೊಳಗೆ ಲಟ್ಟಿಸಿ ಬೇಯಿಸಿ ಮುಗಿಸಬೇಕು. ತಡವಾದರೆ ಹುಳಿಯೇರಿತೆಂದೇ ಲೆಕ್ಕ. ಇದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬರು ನಾದಬೇಕು, ಒಬ್ಬರು ಲಟ್ಟಿಸಬೇಕು, ಮತ್ತೊಬ್ಬರು ಒಲೆಯ ಮುಂದಿರಬೇಕು. ಹೀಗಾಗಿ ನೆರೆಮನೆಯ ಹೆಂಗಸರೆಲ್ಲ ಒಂದೆಡೆ ಸೇರುವುದು ಅನಿವಾರ್ಯವಾಗುತ್ತದೆ. 1874ರಲ್ಲಿ ಪುಣೆಯಲ್ಲಿ ಹೀಬ್ರೂ ಮತ್ತು ಮರಾಠಿಯಲ್ಲಿ ಅಚ್ಚಾದ ಪಸ್ಕದ ಪುಸ್ತಕವೊಂದರಲ್ಲಿ ಇದರ ಚಿತ್ರವಿದೆ. ಅದರಲ್ಲಿ ಸೀರೆಯುಟ್ಟ ಹೆಂಗಸರು ನೆಲದ ಮೇಲೆ ಕುಳಿತು ರೊಟ್ಟಿ ಮಾಡುತ್ತಿದ್ದಾರೆ. ನಮ್ಮ ಮನೆಗಳ ಮದುವೆಯಲ್ಲಿ ಹಪ್ಪಳ ಒತ್ತುವವರನ್ನು ಕಂಡವರಿಗೆ ಆ ಚಿತ್ರ ಪರದೇಶದ್ದೆಂದು ತೋರಲಾರದು.

ಮನೆಯಲ್ಲಿ ಉಳಿದ ಧಾನ್ಯ, ಹಿಟ್ಟುಗಳನ್ನು ಏನು ಮಾಡಬೇಕು? ಎಸೆದರೆ ನಷ್ಟ. ಅದಕ್ಕೆ ಅವರ ಶಾಸ್ತ್ರವು ಒಂದು ದಾರಿಯನ್ನು ತೋರಿಸಿದೆ. ಯೆಹೂದ್ಯನಲ್ಲದ ಒಬ್ಬನಿಗೆ ಅದನ್ನು ಕ್ರಯಕ್ಕೆ ಮಾರಿಬಿಡುವುದು. ಹಬ್ಬ ಕಳೆದ ಮೇಲೆ ಮತ್ತೆ ಕೊಂಡುಕೊಳ್ಳುವುದು. ಇದು ತೋರಿಕೆಯ ಆಟವಲ್ಲ, ಶಾಸ್ತ್ರರೀತ್ಯಾ ನಿಜವಾದ ಮಾರಾಟ. ಕೊಂಡವನು ತನ್ನ ಸೊತ್ತೆಂದು ಒಯ್ದರೆ ತಡೆಯುವಂತಿಲ್ಲ. ಎಂದರೆ ಈ ಹಬ್ಬವು ಸಾಂಗವಾಗಿ ನಡೆಯಬೇಕಾದರೆ ನಂಬಿಕೆಗೆ ಅರ್ಹನಾದ ಅನ್ಯಮತದವನೊಬ್ಬನು ಬೇಕು! ಒಂದು ಮತದ ಶುದ್ಧಿಗೆ ಇನ್ನೊಂದು ಮತದವನ ಸ್ನೇಹ ಸಾಧನವಾಗುವುದು ಎಷ್ಟು ಸೊಗಸಾದ ವಿಷಯ!

ಹಬ್ಬದ ಮುನ್ನಾ ರಾತ್ರಿ ಮನೆಯ ದೀಪಗಳನ್ನಾರಿಸಿ, ಮೇಣದ ಬತ್ತಿ ಹಿಡಿದು, ಮಕ್ಕಳೊಡನೆ ಮೂಲೆ ಮೂಲೆಗಳನ್ನೂ ಹುಡುಕುತ್ತಾರೆ. ಮಕ್ಕಳ ಉತ್ಸಾಹಕ್ಕಾಗಿ ಹತ್ತು ರೊಟ್ಟಿಯ ಚೂರುಗಳನ್ನು ಮೊದಲೇ ಅಡಗಿಸಿಡುವುದುಂಟು. ಸಿಕ್ಕಿದುದನ್ನು ಹಕ್ಕಿಯ ಗರಿಯಿಂದ ಗುಡಿಸಿ ಕೂಡಿಸಿ ಮರುದಿನ ಬೆಳಗ್ಗೆ ಸುಡುತ್ತಾರೆ. ಆ ಸಂಜೆ ಎಲ್ಲರೂ ಮೇಜಿನ ಸುತ್ತ ಕುಳಿತಾಗ ಮನೆಯ ಅತ್ಯಂತ ಕಿರಿಯ ಮಗು ಈ ರಾತ್ರಿ ಏಕೆ ಬೇರೆಯಾಗಿದೆ ಎಂದು ಕೇಳಬೇಕು. ಹಿರಿಯರು ಗುಲಾಮಗಿರಿಯ ಕಥೆಯನ್ನು ಹೇಳಬೇಕು. ಕೇಳುವ ಮಕ್ಕಳಲ್ಲಿ ನಾಲ್ಕು ಬಗೆಯೆಂದು ಅವರ ಪುಸ್ತಕ ವಿಂಗಡಿಸುತ್ತದೆ. ನಾಲ್ಕನೆಯವನು ಕೇಳಲೂ ಅರಿಯದವನು. ಅವನನ್ನು ಗದರಬಾರದು, ತಂದೆಯೇ ಮೊದಲು ಮಾತೆತ್ತಿ ಅವನಿಗೆ ಹೇಳಬೇಕು.

ಇದನ್ನು ಓದಿದಾಗ ನಾನು ಬಹಳ ಹೊತ್ತು ಯೋಚಿಸಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ನಮ್ಮಂತಹ ಮನೆಗಳಲ್ಲಿ ಹಿರಿಯರು ಪಟ್ಟ ಪಾಡು, ಜೀತ, ಸಾಲ ಇವು ಮಾತಿಗೆ ಬರುವುದಿಲ್ಲ. ಮಕ್ಕಳು ಕೇಳುವುದಿಲ್ಲ, ದೊಡ್ಡವರು ಹೇಳುವುದಿಲ್ಲ, ನಾಲ್ಕಕ್ಷರ ಕಲಿತ ಮೇಲೆ ಅದನ್ನು ಮರೆಮಾಚುವುದೇ ಮರ್ಯಾದೆಯೆಂದು ತಿಳಿಯುತ್ತೇವೆ. ಈ ಜನರಾದರೋ ತಮ್ಮ ಹಿರಿಯರು ಗುಲಾಮರಾಗಿದ್ದರೆಂಬುದನ್ನೇ ವರ್ಷಕ್ಕೊಮ್ಮೆ ದೀಪ ಹಚ್ಚಿ, ಹೊಸ ಬಟ್ಟೆಯುಟ್ಟು, ಮಕ್ಕಳ ಮುಂದೆ ಹೇಳಿಕೊಳ್ಳುತ್ತಾರೆ.

1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಬಳಿಕ ಭಾರತದ ಯೆಹೂದ್ಯರಲ್ಲಿ ಹೆಚ್ಚಿನವರು ಅಲ್ಲಿಗೆ ತೆರಳಿದರು. 1951ರ ಜನಗಣತಿಯಲ್ಲಿ ಸುಮಾರು 26 ಸಾವಿರವಿದ್ದವರು 2011ರಲ್ಲಿ ಐದು ಸಾವಿರಕ್ಕೂ ಕಡಮೆಯಾದರು. ದಂಡಿನ ಹಳೆಯ ಮನೆತನಗಳು ಚದುರಿದುವು. ಕಮರ್ಷಿಯಲ್ ಸ್ಟ್ರೀಟಿನ ಆ ಪಾದರಕ್ಷೆಯ ಅಂಗಡಿಯೂ ಇಲ್ಲವಾಯಿತು. ಉದ್ಯೋಗಕ್ಕೂ ಪ್ರವಾಸಕ್ಕೂ ಹೊಸದಾಗಿ ಬಂದ ಯೆಹೂದ್ಯರು ಈಗ ನಮ್ಮ ನಗರದಲ್ಲಿ ಕೂಡಿ ಪಸ್ಕವನ್ನು ಆಚರಿಸುತ್ತಾರೆ. ಹಳಬರ ಗುರುತಾಗಿ ಮೈಸೂರು ರಸ್ತೆಯ ಸ್ಮಶಾನದ ಕಲ್ಲುಗಳಿವೆ.

ಮಂದಿರ ಕಟ್ಟಿದವರನ್ನು ಊರು ನೆನೆಯುತ್ತದೆ. ಮನೆಯನ್ನೇ ಮಂದಿರ ಮಾಡಿಕೊಂಡವರು ಊರು ಬಿಟ್ಟರೆ ಬೀದಿಯಲ್ಲಿ ಅವರ ಗುರುತು ನಿಲ್ಲುವುದಿಲ್ಲ. ಅವರ ನೆನಪು ನೆರೆಹೊರೆಯವರ ಬಾಯಲ್ಲಿ ಉಳಿಯಬೇಕು. ಕೆಲವೇ ಮನೆಗಳವರು ಗೋಧಿಯ ಹಣವನ್ನು ಕೂಡಿಸಿ, ರೊಟ್ಟಿಯನ್ನು ಸುಟ್ಟು, ಮಕ್ಕಳಿಗೆ ಕಥೆ ಹೇಳಿ ಒಂದು ಧರ್ಮವನ್ನು ನಡೆಸಿಕೊಂಡು ಬಂದರು. ಅವರು ಬಾಳಿದ ಬೀದಿಗಳಲ್ಲಿ ನಿತ್ಯ ಓಡಾಡುವ ನಾವು ಆ ಕಥೆಯನ್ನು ನಮ್ಮ ಕಿರಿಯರಿಗೂ ಹೇಳೋಣ. ಅದರೊಡನೆ ನಮ್ಮ ನಮ್ಮ ಮನೆಗಳ ಕಥೆಯನ್ನೂ ಮುಚ್ಚಿಡದೆ ಹೇಳೋಣ. ಅವರು ಕೇಳಲಿ ಎಂದು ಕಾಯುವುದು ಬೇಡ.